32ನೆಯ ನಾಮದ ಬಳಿ ನಿಲ್ಲುವ ಮನಸ್ಸು

ಲಲಿತಾ ಸಹಸ್ರನಾಮವನ್ನು ನಾನು ಪುಸ್ತಕ ನೋಡದೆ ಹೇಳತೊಡಗಿ ಇಪ್ಪತ್ತೈದು ವರ್ಷವಾದರೂ ಆಗಿರಬೇಕು. ಬಾಯಿಪಾಠವಾದದ್ದರಿಂದ ಆದ ಲಾಭವೆಂದರೆ ಬೆಳಗಿನ ಜಾವ ಕನ್ನಡಕ ಹುಡುಕುವ ಕೆಲಸ ತಪ್ಪಿತು; ಆದ ನಷ್ಟವೆಂದರೆ, ಬಾಯಿ ತನ್ನ ಪಾಡಿಗೆ ತಾನು ನಾಮಗಳನ್ನು ಹೇಳಿಕೊಂಡು ಹೋಗುವಾಗ ಮನಸ್ಸಿಗೆ ಅರ್ಧ ಗಂಟೆಯ ಪೂರ್ತಿ ಬಿಡುವು ಸಿಕ್ಕಿತು. ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ ದಿನಗಳಲ್ಲಿ ಅದು ಆ ಬಿಡುವಿನಲ್ಲಿ ಹಿಂದಿನ ದಿನದ ಲೆಕ್ಕ ತಾಳೆ ನೋಡುತ್ತಿತ್ತು, ಮಧ್ಯಾಹ್ನದ ಡಬ್ಬಿಗೆ ಏನು ಪಲ್ಯವೆಂದು ಯೋಚಿಸುತ್ತಿತ್ತು. ಇಂಥ ಅಲೆದಾಟವನ್ನು ನಾನು ದೊಡ್ಡ ಅಪರಾಧವೆಂದು ಎಣಿಸಿರಲಿಲ್ಲ. ನಿಜವಾದ ತೊಂದರೆ ಆರಂಭವಾದದ್ದು ಅಮ್ಮ ತೀರಿಕೊಂಡ ಮೇಲೆ, ಅದೂ ಸ್ತೋತ್ರದ ಒಂದು ನಿರ್ದಿಷ್ಟ ಜಾಗದಲ್ಲಿ.

ಸಹಸ್ರನಾಮವನ್ನು ಬಲ್ಲವರಿಗೆ ಅದರ ಮೊದಲ ಭಾಗ ದೇವಿಯ ರೂಪವರ್ಣನೆಯೆಂಬುದು ಗೊತ್ತಿರುತ್ತದೆ. ಕೂದಲಿನಿಂದ ತೊಡಗಿ ಹಣೆ, ಹುಬ್ಬು, ಕಣ್ಣು, ಮೂಗುತಿ, ಓಲೆ ಎಂದು ವರ್ಣನೆ ಕೆಳಗಿಳಿಯುತ್ತ ಕೊರಳಿಗೆ ಬರುತ್ತದೆ. 32ನೆಯ ನಾಮ ‘ರತ್ನಗ್ರೈವೇಯಚಿಂತಾಕಲೋಲಮುಕ್ತಾಫಲಾನ್ವಿತಾ’, ಅಂದರೆ ರತ್ನದ ಕಂಠಾಭರಣ, ಪದಕ ಮತ್ತು ತೂಗಾಡುವ ಮುತ್ತುಗಳಿಂದ ಶೋಭಿಸುವವಳು. ಆ ನಾಮ ಬಂದೊಡನೆ ನನ್ನ ಕಣ್ಣ ಮುಂದೆ ದೇವಿಯ ಕೊರಳು ನಿಲ್ಲುತ್ತಿರಲಿಲ್ಲ, ಅಕ್ಕನ ಕೊರಳು ನಿಲ್ಲುತ್ತಿತ್ತು. ಅದರಲ್ಲಿ ಅಮ್ಮನ ಅವಲಕ್ಕಿ ಸರ. ನಾಲ್ಕು ತೊಲ, ಅಂದರೆ 46 ಗ್ರಾಮಿಗಿಂತ ತುಸು ಹೆಚ್ಚು. ನಾನು ಹಲವು ವರ್ಷ ಚಿನ್ನದ ಸಾಲದ ಮೇಜಿನಲ್ಲಿ ಕುಳಿತವಳು. ಒಟ್ಟು ತೂಕವೆಷ್ಟು, ಕಳೆಯಬೇಕಾದ್ದೆಷ್ಟು, ನಿವ್ವಳ ಎಷ್ಟು, ಆ ದಿನದ ದರಕ್ಕೆ ಎಷ್ಟಾಗುತ್ತದೆ ಎಂಬ ಲೆಕ್ಕ ಮುಗಿಯುವ ಹೊತ್ತಿಗೆ ಬಾಯಿ ಐವತ್ತು ಅರವತ್ತು ನಾಮಗಳನ್ನು ದಾಟಿಬಿಟ್ಟಿರುತ್ತಿತ್ತು.

ಅಮ್ಮ ಪಾರ್ಶ್ವವಾಯುವಾಗಿ ಹಾಸಿಗೆ ಹಿಡಿದ ಆರು ವರ್ಷ ನನ್ನ ಮನೆಯಲ್ಲಿಯೇ ಇದ್ದಳು. ಕೊನೆಯ ತಿಂಗಳಲ್ಲಿ ಅಕ್ಕ ನೋಡಲು ಬಂದಾಗ, ದಿಂಬಿನ ಕೆಳಗಿದ್ದ ಸರವನ್ನು ಸರಿಯಿದ್ದ ಕೈಯಿಂದ ತೆಗೆದು ಅಕ್ಕನ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಚಿದಳು. ನಾನು ಗಂಜಿಯ ಬಟ್ಟಲು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ. ಹಿರಿಯ ಮಗಳಿಗೆ ತಾಯಿಯ ಸರ ಹೋಗುವುದು ನಮ್ಮ ಮನೆಯಲ್ಲಿ ಅಜ್ಜಿಯ ಕಾಲದಿಂದ ನಡೆದುಬಂದ ಪದ್ಧತಿಯೇ. ಅದರಲ್ಲಿ ಯಾರದೂ ತಪ್ಪಿಲ್ಲವೆಂದು ನಾನೇ ನಾಲ್ಕು ಜನರ ಮುಂದೆ ಹೇಳಿದ್ದೆ. ಹಾಗೆ ಹೇಳಿದವಳ ಹೊಟ್ಟೆಯಲ್ಲಿ ಪ್ರತಿದಿನ ಬೆಳಿಗ್ಗೆ, ಅದೂ ದೇವರ ಮುಂದೆ, ಕಿಚ್ಚು ಹೊತ್ತಿಕೊಳ್ಳುತ್ತಿತ್ತು. ಇಷ್ಟು ವರ್ಷ ಪಾರಾಯಣ ಮಾಡಿದವಳಿಗೆ ಅಕ್ಕನ ಕೊರಳಿನ ಸರದ ಮೇಲೆ ಕಣ್ಣು ಎಂಬ ನಾಚಿಕೆ ಅದರ ಹಿಂದೆಯೇ ಬರುತ್ತಿತ್ತು. ಹೊಟ್ಟೆಕಿಚ್ಚಿಗಿಂತ ಆ ನಾಚಿಕೆಯ ಕಾಟವೇ ಹೆಚ್ಚೆಂದು ಈಗ ಅನ್ನಿಸುತ್ತದೆ, ಏಕೆಂದರೆ ಹೊಟ್ಟೆಕಿಚ್ಚು ಎರಡು ಕ್ಷಣ ಉರಿದು ಆರುತ್ತಿತ್ತು. ನಾಚಿಕೆ ಮಧ್ಯಾಹ್ನದವರೆಗೂ ಉಳಿಯುತ್ತಿತ್ತು.

ಅದನ್ನು ಓಡಿಸಲು ನಾನು ಮಾಡಿದ ಪ್ರಯತ್ನಗಳು ಒಂದೆರಡಲ್ಲ. ಸರ ನೆನಪಾದರೆ ಮತ್ತೆ ಮೊದಲಿನಿಂದ ಹೇಳುವುದೆಂದು ನಿಯಮ ಹಾಕಿಕೊಂಡೆ. ಒಂದು ದಿನ ಏಳು ಸಲ ‘ಶ್ರೀಮಾತಾ’ ಎಂದು ಆರಂಭಿಸಿ, ಏಳನೆಯ ಸಲವೂ ಅಲ್ಲೇ ಮುಗ್ಗರಿಸಿ, ಸಿಟ್ಟಿನಿಂದ ದೀಪ ಶಾಂತ ಮಾಡಿ ಎದ್ದುಹೋದೆ. ಆ ಜಾಗದಲ್ಲಿ ದನಿ ಏರಿಸಿ ನೋಡಿದೆ. ಪತಂಜಲಿಯ ಯೋಗಸೂತ್ರದ ಮೊದಲ ಪಾದದ 33ನೆಯ ಸೂತ್ರದಲ್ಲಿ ಸುಖಿಗಳ ವಿಷಯದಲ್ಲಿ ಮೈತ್ರಿ, ದುಃಖಿಗಳಲ್ಲಿ ಕರುಣೆ, ಪುಣ್ಯವಂತರಲ್ಲಿ ಮುದಿತ, ಪಾಪಿಗಳಲ್ಲಿ ಉಪೇಕ್ಷೆ ಇರಲಿ, ಅದರಿಂದ ಚಿತ್ತ ತಿಳಿಯಾಗುತ್ತದೆ ಎಂದಿದೆ. ಪರರ ಏಳಿಗೆಗೆ ಹಿಗ್ಗುವ ಆ ಮುದಿತವನ್ನೂ ಅಭ್ಯಾಸ ಮಾಡಿದೆ. ‘ಅಕ್ಕನಿಗೆ ಸರ ಸಿಕ್ಕಿತು, ನನಗೆ ಸಂತೋಷ’ ಎಂದು ಮನಸ್ಸಿನಲ್ಲಿ ಹೇಳಿಕೊಳ್ಳುವಾಗ ನನ್ನ ಮುಖದ ಮೇಲೆ, ಮದುವೆಮನೆಯಲ್ಲಿ ಬೀಗರ ಕಡೆಯವರನ್ನು ಕಂಡಾಗ ಮೂಡುವಂಥ ನಗೆ ಇರುತ್ತಿತ್ತು. ಸೂತ್ರದಲ್ಲಿ ದೋಷವಿಲ್ಲ. ಒಳಗೆ ಏನಿದೆಯೆಂದು ನೋಡುವ ಮೊದಲೇ ಅದರ ಮೇಲೆ ಒಳ್ಳೆಯ ಬಟ್ಟೆ ಹೊದಿಸಲು ಹೊರಟದ್ದು ನನ್ನ ದೋಷ.

ಇದಕ್ಕೆ ತದ್ವಿರುದ್ಧವಾದ ಪ್ರಯೋಗವನ್ನೂ ಮಾಡಿದ್ದೇನೆ, ಅದನ್ನು ಹೇಳದೆ ಬಿಟ್ಟರೆ ಈ ಬರಹ ಪ್ರಾಮಾಣಿಕವಾಗುವುದಿಲ್ಲ. ಮನಸ್ಸಿನಲ್ಲಿ ಇದ್ದದ್ದನ್ನು ಇದ್ದಂತೆ ಒಪ್ಪಿಕೊಳ್ಳಬೇಕು, ಅದುಮಿಡಬಾರದು ಎಂದು ಎಲ್ಲೋ ಕೇಳಿದ್ದನ್ನು ಅಪಾರ್ಥ ಮಾಡಿಕೊಂಡು, ಒಂದು ಭಾನುವಾರ ಅಕ್ಕನಿಗೆ ಫೋನ್ ಮಾಡಿ ಆರು ವರ್ಷದ ಲೆಕ್ಕವನ್ನೆಲ್ಲ ಒಪ್ಪಿಸಿದೆ. ಮಲಮೂತ್ರ ಬಳಿದವಳು ಯಾರು, ರಾತ್ರಿ ನಿದ್ದೆಗೆಟ್ಟವಳು ಯಾರು, ಕೊನೆಗೆ ಸರ ಹಾಕಿಕೊಂಡವಳು ಯಾರು. ಅಕ್ಕ ನಡುವೆ ಒಂದು ಮಾತೂ ಆಡದೆ ಕೇಳಿ, “ಆಯ್ತಾ? ಇಡ್ತೀನಿ” ಎಂದಳು. ನಾಲ್ಕು ತಿಂಗಳು ಮಾತಿರಲಿಲ್ಲ. ಒಪ್ಪಿಕೊಳ್ಳುವ ಕೆಲಸ ನನ್ನೊಳಗೆ ನಡೆಯಬೇಕಾಗಿತ್ತು; ನಾನು ಹೊರೆಯನ್ನು ಅಕ್ಕನ ತಲೆಗೆ ದಾಟಿಸಿ ಹಗುರಾದೆನೆಂದು ಭ್ರಮಿಸಿದ್ದೆ.

ಆ ನಾಲ್ಕು ತಿಂಗಳ ಕೊನೆಯಲ್ಲಿ, 2019ರಲ್ಲಿ, ಗೆಳತಿಯೊಬ್ಬಳ ಒತ್ತಾಯಕ್ಕೆ ಹತ್ತು ದಿನಗಳ ವಿಪಶ್ಯನಾ ಶಿಬಿರಕ್ಕೆ ಹೋದೆ. ಬರ್ಮಾದ ಮಂಡಾಲೆಯಲ್ಲಿ ಹುಟ್ಟಿ, ಸಯಾಜಿ ಊ ಬಾ ಖಿನ್ ಅವರಲ್ಲಿ ಕಲಿತು, 1969ರಲ್ಲಿ ಭಾರತಕ್ಕೆ ಬಂದು ಈ ಧ್ಯಾನವನ್ನು ಹರಡಿದ ಎಸ್. ಎನ್. ಗೋಯೆಂಕಾ ಅವರ ಪದ್ಧತಿ ಅದು. ಹತ್ತನೆಯ ದಿನದವರೆಗೆ ಮೌನ. ಬೆಳಿಗ್ಗೆ 4ಕ್ಕೆ ಗಂಟೆ. ದಿನಕ್ಕೆ ಸುಮಾರು ಹತ್ತು ತಾಸು ಕೂರುವುದು. ಫೋನ್, ಪುಸ್ತಕ, ಪೆನ್ನು ಎಲ್ಲವನ್ನೂ ಮೊದಲ ದಿನವೇ ಒಪ್ಪಿಸಿಬಿಡಬೇಕು. ಜಪ, ಸ್ತೋತ್ರ, ಪೂಜೆಗಳನ್ನೂ ಆ ಹತ್ತು ದಿನ ನಿಲ್ಲಿಸಿರಬೇಕೆಂಬ ನಿಯಮ ಕೇಳಿ ನಾನು ಬಾಗಿಲಿನಿಂದಲೇ ಹಿಂದಿರುಗುವವಳಿದ್ದೆ. ಜ್ವರ ಬಂದ ದಿನವೂ ಬಿಡದ ಪಾರಾಯಣವನ್ನು ಹತ್ತು ದಿನ ಬಿಡುವುದೇ? ಬಸ್ಸು ಹೊರಟುಹೋಗಿತ್ತು, ಹಾಗಾಗಿ ಉಳಿದೆ. ಇದಕ್ಕಿಂತ ಉನ್ನತವಾದ ಕಾರಣವೇನೂ ಇರಲಿಲ್ಲ.

ಮೊದಲ ಮೂರು ದಿನ ಮೂಗಿನ ಹೊಳ್ಳೆಗಳ ಬಳಿ ಉಸಿರು ಬಂದುಹೋಗುವುದನ್ನು ಗಮನಿಸುವುದಷ್ಟೇ ಕೆಲಸ. ನಾಲ್ಕನೆಯ ದಿನದಿಂದ ಮೈಯ ಸಂವೇದನೆಗಳನ್ನು ತಲೆಯಿಂದ ಕಾಲಿನವರೆಗೆ ನೋಡುತ್ತ ಹೋಗುವುದು, ಹಿತವಾದದ್ದಕ್ಕೆ ಆಸೆಪಡದೆ, ಅಹಿತವಾದದ್ದಕ್ಕೆ ಸಿಡುಕದೆ. ದಿನಕ್ಕೆ ಮೂರು ಸಲ ಒಂದೊಂದು ತಾಸು ಕೈಕಾಲು ಕದಲಿಸದೆ ಕೂರಬೇಕು. ನಾಮಗಳಿಲ್ಲದ ಆ ಮೌನದಲ್ಲಿ ಸರ ಮಾತ್ರ ತಪ್ಪದೆ ಬಂತು. ಈಗ ಅದನ್ನು ಮುಚ್ಚಿಹಾಕಲು ನನ್ನ ಬಳಿ ದೊಡ್ಡ ದನಿಯೂ ಇರಲಿಲ್ಲ, ‘ಶ್ರೀಮಾತಾ’ ಎಂದು ಮತ್ತೆ ಆರಂಭಿಸುವ ಉಪಾಯವೂ ಇರಲಿಲ್ಲ. ಆರನೆಯ ದಿನ ಮಧ್ಯಾಹ್ನದ ಆ ಒಂದು ತಾಸಿನಲ್ಲಿ ಬಲಮೊಣಕಾಲು ಸುಡುತ್ತಿರುವಾಗ ಸರ ಬಂತು, ಲೆಕ್ಕ ಬಂತು, ಅದರ ಹಿಂದೆ ಎದೆಯ ಎಡಭಾಗದಲ್ಲಿ ಬಿಗಿಯೊಂದು ಬಂತು. ಬೇರೆ ಮಾಡಲು ಏನೂ ಇಲ್ಲದ್ದರಿಂದ ಅದನ್ನೇ ನೋಡುತ್ತ ಕುಳಿತೆ. ಆಗ ನೆನಪಾದದ್ದು ಸರವಲ್ಲ, ಬಟ್ಟಲು.

ಅಕ್ಕ ಬರುವ ವಾರದ ಹಿಂದಿನ ಒಂದು ರಾತ್ರಿ. ಅಮ್ಮ ಗಂಜಿಯ ಚಮಚವನ್ನು ಮೂರು ಸಲ ಪಕ್ಕಕ್ಕೆ ತಳ್ಳಿದಳು. ಮೂರನೆಯ ಸಲ ಗಂಜಿ ನನ್ನ ಸೀರೆಯ ಮೇಲೆ ಚೆಲ್ಲಿತು. ಸ್ಟೀಲಿನ ಬಟ್ಟಲನ್ನು ಮೇಜಿನ ಮೇಲೆ ಠಣ್ಣೆಂದು ಕುಕ್ಕಿ, “ಹಾಗಾದರೆ ಅಕ್ಕನ ಮನೆಗೇ ಹೋಗು” ಎಂದೆ. ಅಮ್ಮ ಏನೂ ಹೇಳಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿದಳು. ಇದನ್ನು ನಾನು ಮರೆತಿದ್ದೆನೆಂದಲ್ಲ, ನೆನಪಿನ ಆ ಮೂಲೆಗೆ ಹೋಗುತ್ತಿರಲಿಲ್ಲ. ಸರ ಅಕ್ಕನ ಕೈ ಸೇರಿದ್ದು ಆ ಮಾತಿಗೆ ಅಮ್ಮ ಕೊಟ್ಟ ಉತ್ತರವಿರಬಹುದೇ ಎಂಬ ಅನುಮಾನ ಎರಡು ವರ್ಷದಿಂದ ನನ್ನೊಳಗೆ ಕುಳಿತಿತ್ತು. ಅದರ ಮುಖ ನೋಡಲಾರದೆ ನಾನು ಗ್ರಾಮುಗಳ ಲೆಕ್ಕ ಹಾಕುತ್ತಿದ್ದೆ. ಗಂಟೆ ಬಾರಿಸಿದಾಗ ನನ್ನ ಕೆನ್ನೆ ಒದ್ದೆಯಾಗಿತ್ತು. ಪಕ್ಕದ ಮೆತ್ತೆಯ ಹೆಂಗಸು ಎದ್ದು ನೀರು ಕುಡಿಯಲು ಹೋದಳು; ಅಲ್ಲಿ ಯಾರೂ ಯಾರ ಅಳುವನ್ನೂ ವಿಚಾರಿಸುವುದಿಲ್ಲ. ಅದೊಂದು ದೊಡ್ಡ ಉಪಕಾರ.

ಇಲ್ಲಿಗೆ ಹೊಟ್ಟೆಕಿಚ್ಚು ಮಾಯವಾಯಿತೆಂದು ಬರೆಯಬಹುದಾಗಿತ್ತು, ಆದರೆ ಅದು ಸುಳ್ಳಾಗುತ್ತದೆ. ಬೇರು ಕಂಡಿತೆಂದು ಗಿಡ ಒಣಗಲಿಲ್ಲ. ಶಿಬಿರದಿಂದ ಮರಳಿದ ಮೊದಲ ವಾರ ನಾನು ಕಾಯುತ್ತಿದ್ದೆ: ಇಷ್ಟೆಲ್ಲ ಅರ್ಥಮಾಡಿಕೊಂಡಿದ್ದೇನೆ, ಒಪ್ಪಿಕೊಂಡಿದ್ದೇನೆ, ಇನ್ನಾದರೂ ಹೋಗಬೇಕಲ್ಲ? ಹೋಗಲೆಂದು ಒಪ್ಪಿಕೊಳ್ಳುವುದು ಒಪ್ಪಿಗೆಯಲ್ಲ, ಲಂಚ ಎಂಬುದು ತಿಳಿಯಲು ಇನ್ನೂ ಕೆಲವು ತಿಂಗಳು ಬೇಕಾದವು. ನೆಂಟರನ್ನು ‘ಬನ್ನಿ, ಕೂತುಕೊಳ್ಳಿ’ ಎಂದು ಕರೆದು, ಕಾಫಿ ಕೊಡುತ್ತಲೇ ಬಸ್ಸಿನ ವೇಳೆ ಹೇಳುವ ಜಾಣತನ ಅದು. ಮನಸ್ಸಿಗೆ ಅದು ಗೊತ್ತಾಗದಿರುವುದಿಲ್ಲ.

ಧ್ಯಾನದ ಬಗ್ಗೆ ಬುದ್ಧನ ಉಪದೇಶವಾದ ಪಾಲಿಯ ಸತಿಪಟ್ಠಾನ ಸುತ್ತದಲ್ಲಿ ಚಿತ್ತವನ್ನು ನೋಡುವ ಬಗ್ಗೆ ಒಂದು ಭಾಗವಿದೆ. ರಾಗವಿರುವ, ಅಂದರೆ ಆಸೆಯಿರುವ, ಚಿತ್ತವನ್ನು ರಾಗವಿರುವ ಚಿತ್ತವೆಂದು ಭಿಕ್ಷು ತಿಳಿಯುತ್ತಾನೆ, ರಾಗವಿಲ್ಲದ ಚಿತ್ತವನ್ನು ರಾಗವಿಲ್ಲದ ಚಿತ್ತವೆಂದು ತಿಳಿಯುತ್ತಾನೆ, ದ್ವೇಷ ಮೋಹಗಳ ವಿಷಯದಲ್ಲಿಯೂ ಹಾಗೆಯೇ ಎಂದು ಅದು ಸಾಗುತ್ತದೆ. ಆ ಭಾಗದಲ್ಲಿರುವ ಕ್ರಿಯಾಪದ ‘ಪಜಾನಾತಿ’, ತಿಳಿಯುತ್ತಾನೆ, ಓಡಿಸುತ್ತಾನೆಂದು ಅಲ್ಲಿಲ್ಲ. ಭಗವದ್ಗೀತೆಯ 14ನೆಯ ಅಧ್ಯಾಯದ 22ನೆಯ ಶ್ಲೋಕವನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಗುಣಾತೀತನ, ಅಂದರೆ ಸತ್ತ್ವ, ರಜಸ್ಸು, ತಮಸ್ಸುಗಳನ್ನು ದಾಟಿದವನ, ಲಕ್ಷಣವೇನೆಂದು ಅರ್ಜುನ ಕೇಳಿದಾಗ, ಆ ಗುಣಗಳ ಫಲವಾದ ಪ್ರಕಾಶ, ಪ್ರವೃತ್ತಿ, ಮೋಹ ಈ ಮೂರೂ ಬಂದಾಗ ಅವನು ದ್ವೇಷಿಸುವುದಿಲ್ಲ, ಹೋದಾಗ ಬೇಕೆಂದು ಹಂಬಲಿಸುವುದಿಲ್ಲ ಎಂದು ಕೃಷ್ಣ ಹೇಳುತ್ತಾನೆ. ಅಂಥವನಿಗೆ ಮೋಹವೇ ಬರುವುದಿಲ್ಲವೆಂದು ಹೇಳಿದ್ದರೆ ನಮ್ಮಂಥವರು ಗೀತೆಯನ್ನು ಮಡಚಿಟ್ಟು ಅಡುಗೆಮನೆಗೆ ಹೋಗಬಹುದಾಗಿತ್ತು. ನಾನಂತೂ ಗುಣಾತೀತಳಲ್ಲ, ಆಗುವ ಅಂದಾಜೂ ಇಲ್ಲ. ಆದರೆ ‘ನ ದ್ವೇಷ್ಟಿ’ ಎಂಬ ಎರಡು ಪದ ನನ್ನ ಅಳತೆಗೆ ಸಿಗುತ್ತವೆ.

ನನಗೆ ನಿಜವಾಗಿ ದಾರಿ ತೋರಿಸಿದ್ದು ಮಾತ್ರ ನಾನು ಹತ್ತು ದಿನ ಬಿಟ್ಟಿದ್ದ ಸ್ತೋತ್ರವೇ. ಶಿಬಿರದಿಂದ ಬಂದ ಮರುದಿನ ಬೆಳಿಗ್ಗೆ ಪಾರಾಯಣಕ್ಕೆ ಕುಳಿತಾಗ, ಬಿಟ್ಟು ಹೇಳಿದ್ದರಿಂದಲೋ ಏನೋ, ಬಾಯಿ ನಿಧಾನವಾಗಿತ್ತು. 7ನೆಯ ನಾಮದಲ್ಲಿ ದೇವಿ ನಾಲ್ಕು ತೋಳಿನವಳು. ಆ ತೋಳುಗಳಲ್ಲಿ ಏನೇನಿದೆಯೆಂದು ಮುಂದಿನ ನಾಲ್ಕು ನಾಮಗಳು ಹೇಳುತ್ತವೆ: ರಾಗವೇ ರೂಪವಾದ ಪಾಶ, ಕ್ರೋಧವೇ ಆಕಾರವಾದ ಅಂಕುಶ, ಮನಸ್ಸೇ ರೂಪವಾದ ಕಬ್ಬಿನ ಬಿಲ್ಲು, ಶಬ್ದ, ಸ್ಪರ್ಶ, ರೂಪ, ರಸ, ಗಂಧ ಎಂಬ ಪಂಚತನ್ಮಾತ್ರೆಗಳೇ ಆದ ಬಾಣಗಳು. ‘ರಾಗಸ್ವರೂಪಪಾಶಾಢ್ಯಾ ಕ್ರೋಧಾಕಾರಾಂಕುಶೋಜ್ಜ್ವಲಾ, ಮನೋರೂಪೇಕ್ಷುಕೋದಂಡಾ ಪಂಚತನ್ಮಾತ್ರಸಾಯಕಾ.’ ಸಾವಿರಾರು ಸಲ ಹೇಳಿದ ಈ ಸಾಲನ್ನು ನಾನು ಅಂದು ಕೇಳಿಸಿಕೊಂಡೆ. ಸಿಂಹಾಸನದ ಮೇಲೆ ಕುಳಿತವಳು ಆಸೆಯನ್ನೂ ಸಿಟ್ಟನ್ನೂ ಹೊರಗೆ ಎಸೆದು ಬಂದಿಲ್ಲ, ಕೈಯಲ್ಲಿ ಹಿಡಿದುಕೊಂಡಿದ್ದಾಳೆ. ಮನಸ್ಸು ಅವಳ ಎದುರಿಗೆ ನಿಂತ ವೈರಿಯಲ್ಲ, ಅವಳ ಬಿಲ್ಲು. ಅದೂ ಕಬ್ಬಿನದು: ಗಿಣ್ಣು ಗಿಣ್ಣಾಗಿ, ಸಿಪ್ಪೆ ಒರಟಾಗಿ, ಒಳಗೆ ರಸ. ಅಕ್ಕನನ್ನು ಪ್ರೀತಿಸುವ ಮನಸ್ಸೂ ಅವಳ ಕೊರಳು ನೋಡಿ ಉರಿಯುವ ಮನಸ್ಸೂ ಒಂದೇ ಕೋಲಿನ ಎರಡು ಗಿಣ್ಣುಗಳೆಂದು ಅಂದು ಹೊಳೆದದ್ದನ್ನು ಯಾರಾದರೂ ಪಂಡಿತರು ಒಪ್ಪುತ್ತಾರೋ ಇಲ್ಲವೋ, ನಾನು ಕೇಳಿಲ್ಲ.

ಲಲಿತೆಯನ್ನು ಆರಾಧಿಸುವ ಶ್ರೀವಿದ್ಯಾ ಪರಂಪರೆಯ ವಿವರಣೆ ಇದಕ್ಕಿಂತ ಸೂಕ್ಷ್ಮವಾಗಿದೆ. ಅಲ್ಲಿ ಪಾಶವನ್ನು ಇಚ್ಛಾಶಕ್ತಿಯೆಂದೂ ಅಂಕುಶವನ್ನು ಜ್ಞಾನಶಕ್ತಿಯೆಂದೂ ಬಿಲ್ಲುಬಾಣಗಳನ್ನು ಕ್ರಿಯಾಶಕ್ತಿಯೆಂದೂ ಹೇಳುತ್ತಾರೆ. ಕ್ರೋಧದ ರೂಪದಲ್ಲಿರುವ ಅಂಕುಶವೇ ಜ್ಞಾನವೂ ಹೌದೆಂಬ ಮಾತು ನನಗೆ ಬಹಳ ದಿನ ಒಗಟಾಗಿತ್ತು. ಈಗ ಹೀಗೆ ಅರ್ಥಮಾಡಿಕೊಳ್ಳುತ್ತೇನೆ: ಸಿಟ್ಟು ಎಲ್ಲಿ ಚುಚ್ಚುತ್ತದೆಯೋ ಅಲ್ಲಿ ನೋಡಬೇಕಾದದ್ದೇನೋ ಇದೆ. ಸರದ ಸಿಟ್ಟು ಚುಚ್ಚಿರದಿದ್ದರೆ ನಾನು ಗಂಜಿಯ ಬಟ್ಟಲಿನವರೆಗೆ ಹೋಗುತ್ತಿರಲಿಲ್ಲ.

ಪ್ರಶ್ನೆ ಇಲ್ಲದಿಲ್ಲ. ಇದೇ ಸ್ತೋತ್ರ ನೂರೈವತ್ತು ನಾಮಗಳನ್ನು ದಾಟಿದ ಮೇಲೆ ‘ನೀರಾಗಾ ರಾಗಮಥನೀ’, ‘ನಿಷ್ಕ್ರೋಧಾ ಕ್ರೋಧಶಮನೀ’, ‘ನಿರ್ಲೋಭಾ ಲೋಭನಾಶಿನೀ’ ಎಂದು ದೇವಿಯನ್ನು ಕರೆಯುತ್ತದೆ. ರಾಗವಿಲ್ಲದವಳು, ರಾಗವನ್ನು ಕಡೆದು ಕೆಡಹುವವಳು. ಹಾಗಾದರೆ ಒಪ್ಪಿಕೊಳ್ಳಬೇಕೋ, ನಾಶ ಮಾಡಬೇಕೋ? ನನ್ನ ತಿಳಿವಳಿಕೆಯ ಮಿತಿಯಲ್ಲಿ ನಾನು ಗಮನಿಸುವುದು ಎರಡೇ ಸಂಗತಿ. ಕೈಯಲ್ಲಿ ಹಿಡಿದಿರುವ ಮಾತು ಮೊದಲು ಬರುತ್ತದೆ, ಕೆಡಹುವ ಮಾತು ಬಹಳ ಆಮೇಲೆ. ಎರಡನೆಯದಾಗಿ, ಕೆಡಹುವವಳು ಅವಳು. ಆ ಕೆಲಸವನ್ನು ಪಾರಾಯಣ ಮಾಡುವವಳಿಗೆ ಎಲ್ಲಿಯೂ ವಹಿಸಿಲ್ಲ. ನಾನು ಅಷ್ಟು ವರ್ಷ ನನ್ನದಲ್ಲದ ಕೆಲಸಕ್ಕೆ ಕೈಹಾಕಿ ಸೋತು, ಸೋತದ್ದಕ್ಕೆ ನಾಚಿಕೆಪಡುತ್ತಿದ್ದೆ.

ಈಗ ನನ್ನ ಬೆಳಗಿನ ಸಾಧನೆಯೆಂದು ಹೇಳಿಕೊಳ್ಳಬಹುದಾದದ್ದು ತೀರ ಸಣ್ಣದು. 32ನೆಯ ನಾಮದ ಬಳಿ ಸರ ಬರುತ್ತದೆ. ಬಂದದ್ದನ್ನು ‘ಹೊಟ್ಟೆಕಿಚ್ಚು’ ಎಂದು ಅದರ ಸ್ವಂತ ಹೆಸರಿನಿಂದ ಗುರುತಿಸುತ್ತೇನೆ. ‘ನ್ಯಾಯ’, ‘ಬೇಸರ’, ‘ಅಮ್ಮನ ನೆನಪು’ ಎಂಬ ಮರ್ಯಾದಸ್ಥ ಹೆಸರುಗಳನ್ನು ಕೊಡುವುದಿಲ್ಲ. ಕೆಲವು ದಿನ ಅದರ ಹಿಂದೆ ಬಟ್ಟಲಿನ ಸದ್ದು ಕೇಳುತ್ತದೆ, ಕೆಲವು ದಿನ ಇಲ್ಲ. ಎದೆಯ ಬಿಗಿ ಎಷ್ಟಿದೆಯೋ ಅಷ್ಟನ್ನು ಗಮನಿಸಿ, ಬಾಯಿ ಎಲ್ಲಿದೆಯೋ ಅಲ್ಲಿಗೆ ಹೋಗಿ ಸೇರಿಕೊಳ್ಳುತ್ತೇನೆ. ಮೊದಲಿನಿಂದ ಆರಂಭಿಸುವ ಶಿಕ್ಷೆಯನ್ನು ಕೈಬಿಟ್ಟಿದ್ದೇನೆ. ಹನ್ನೆರಡನೆಯ ಶತಮಾನದ ಬಸವಣ್ಣನವರು ಕೊಂಬೆಯಿಂದ ಕೊಂಬೆಗೆ ಹಾರುವ ಮರ್ಕಟಕ್ಕೆ ಹೋಲಿಸಿದ್ದು ಊರವರ ಮನಸ್ಸನ್ನಲ್ಲ, ‘ಎನ್ನ ಮನ’ವನ್ನು. ಅಷ್ಟು ದೊಡ್ಡವರು ಅದನ್ನು ತಮ್ಮದೆಂದು ಹೇಳಿಕೊಂಡಿರುವಾಗ, ನಿವೃತ್ತ ಗುಮಾಸ್ತೆಯೊಬ್ಬಳಿಗೆ ಸಂಕೋಚವೇಕೆ?

ಒಂದು ಮಾತನ್ನು ಇಲ್ಲಿ ಸೇರಿಸಲೇಬೇಕು. ಅಮ್ಮ ಹೋದ ಹೊಸದರಲ್ಲಿ ನನಗೆ ಎರಡು ತಿಂಗಳು ನಿದ್ದೆಯಿರಲಿಲ್ಲ, ಊಟ ಸೇರುತ್ತಿರಲಿಲ್ಲ. ಆಗ ನೆರವಾದದ್ದು ಮನೋವೈದ್ಯರು ಮತ್ತು ಅವರು ಕೊಟ್ಟ ಮಾತ್ರೆ, ಧ್ಯಾನವಲ್ಲ. ಮನಸ್ಸನ್ನು ಒಪ್ಪಿಕೊಳ್ಳುವುದೆಂದರೆ ಕಾಯಿಲೆಯನ್ನು ಕರ್ಮವೆಂದು ಒಪ್ಪಿಕೊಂಡು ಸುಮ್ಮನಿರುವುದಲ್ಲ. ಅಂಥ ಸ್ಥಿತಿಯಲ್ಲಿ ಮೌನ ಶಿಬಿರಕ್ಕೆ ಹೋಗಿ ಕೂರುವುದು ಕೆಲವರಿಗೆ ಹಾನಿಯನ್ನೂ ಮಾಡಬಹುದು. 2022ರಿಂದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416, ಕನ್ನಡದಲ್ಲಿಯೇ ಮಾತಾಡಬಹುದು. ನಾನು ಬರೆಯುತ್ತಿರುವುದು ದಿನನಿತ್ಯದ ಸಣ್ಣತನದ ಬಗ್ಗೆ, ವೈದ್ಯರ ಬಳಿ ಹೋದರೆ ಅವರೂ ನಕ್ಕು ಕಳಿಸುವಂಥದ್ದರ ಬಗ್ಗೆ.

ಅಕ್ಕನ ಜೊತೆ ಮಾತು ಮತ್ತೆ ಆರಂಭವಾದದ್ದು ಹಪ್ಪಳದ ಅಳತೆ ಕೇಳುವ ನೆಪದಲ್ಲಿ. ಸರದ ವಿಷಯವನ್ನು ಇಬ್ಬರೂ ಎತ್ತಲಿಲ್ಲ, ಬಟ್ಟಲಿನ ವಿಷಯವನ್ನು ನಾನು ಅವಳಿಗೆ ಇಂದಿಗೂ ಹೇಳಿಲ್ಲ. ಕಳೆದ ನವರಾತ್ರಿಯಲ್ಲಿ ಅವಳು ನಮ್ಮ ಮನೆಗೆ ಬಂದಿದ್ದಳು. ಆರತಿಗೆ ಬಗ್ಗಿದಾಗ ಸರದ ಕೊಂಡಿ ರವಿಕೆಯ ನೂಲಿಗೆ ಸಿಕ್ಕಿಕೊಂಡಿತು. “ಸ್ವಲ್ಪ ಬಿಡಿಸೇ, ನನಗೆ ಕಾಣಿಸಲ್ಲ” ಎಂದು ಕತ್ತು ಬಗ್ಗಿಸಿ ನಿಂತಳು. ಅಮ್ಮ ಕೊಟ್ಟ ಮೇಲೆ ನಾನು ಆ ಸರವನ್ನು ಮುಟ್ಟಿದ್ದು ಅದೇ ಮೊದಲು. ಮೈಬಿಸಿಗೆ ಬೆಚ್ಚಗಾಗಿತ್ತು, ಅವಲಕ್ಕಿಗಳ ಅಂಚು ಸವೆದು ನುಣುಪಾಗಿತ್ತು. ‘46 ಗ್ರಾಂ, ಸವಕಳಿ ಕಳೆದು 45’ ಎಂದು ಮನಸ್ಸು ಹೇಳಿತು. ಹೇಳಲಿ ಎಂದು ಬಿಟ್ಟೆ. ನೂಲು ಬಿಡಿಸಿ, ಕೊಂಡಿಯನ್ನು ಹಲ್ಲಿನಿಂದ ಕಚ್ಚಿ ಬಿಗಿಮಾಡಿ, “ಕೊಂಡಿ ಸಡಿಲವಾಗಿದೆ ಅಕ್ಕ, ಅಕ್ಕಸಾಲಿಗನಿಗೆ ತೋರಿಸು, ಎಲ್ಲಾದರೂ ಬಿದ್ದುಹೋದೀತು” ಎಂದೆ. “ಹೂಂ, ತೋರಿಸಬೇಕು” ಎಂದಳು, ತೋರಿಸುವವಳ ಹಾಗೆ ಕಾಣಲಿಲ್ಲ.

ಮರುದಿನ ಬೆಳಿಗ್ಗೆ 32ನೆಯ ನಾಮದ ಬಳಿ ಸರ ಎಂದಿನಂತೆ ಬಂತು. ಜೊತೆಗೆ ಕೊಂಡಿಯ ಚಿಂತೆಯೂ ಬಂದಿತ್ತು.